ಉಳಿದವನೇ ಗೌಡ

ನಗರಸಭೆ ನಡೆಸುವವರಿಗೆ ಇರುವುದು ಒಂದೇ ಒಂದು ಕಾಟ: ಜನ. ಅವರಿಗೆ ನೀರು ಬೇಕು, ಚರಂಡಿ ಬೇಕು, ಬೀದಿದೀಪ ಬೇಕು, ಬೀದಿನಾಯಿ ಮಾತ್ರ ಬೇಡ. ಐದು ವರ್ಷಕ್ಕೊಮ್ಮೆ ವೋಟು ಹಾಕುತ್ತಾರೆ, ಹಾಕಿ ಸುಮ್ಮನಿರದೆ ಲೆಕ್ಕ ಕೇಳುತ್ತಾರೆ. ಈ ಒಂದು ಕಾಟ ತಪ್ಪಿದರೆ ನಗರಸಭೆಯಂಥ ಸುಖಸಂಸಾರ ಇನ್ನೊಂದಿಲ್ಲ ಎಂಬುದನ್ನು ಯಾವ ಊರಿನ ಕಮಿಷನರ್ ಸಾಹೇಬರೂ ಬಾಗಿಲು ಹಾಕಿಕೊಂಡು ಕೇಳಿದರೆ ಒಪ್ಪಿಯಾರು. ಒಪ್ಪುವುದು ಸುಲಭ, ಮಾಡಿ ತೋರಿಸುವುದು ಕಷ್ಟ. ಮಾಡಿ ತೋರಿಸಿದ ಊರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ಅದರ ಹೆಸರು ವರ್ನನ್.

ಲಾಸ್ ಏಂಜಲೀಸಿನ ನಡುಪೇಟೆಯಿಂದ ದಕ್ಷಿಣಕ್ಕೆ ಎಂಟು ಕಿಲೋಮೀಟರ್ ಹೋದರೆ ವರ್ನನ್ ಸಿಗುತ್ತದೆ. ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ ಎಂದು ಆ ಕಡೆಯವರು ಹೇಳುತ್ತಾರೆ. ಕಸಾಯಿಖಾನೆಗಳೂ ಮೂಳೆ-ಕೊಬ್ಬು ಕರಗಿಸುವ ಕಾರ್ಖಾನೆಗಳೂ ಸೇರಿ ಹೊರಡಿಸುವ ವಾಸನೆ ನಾಮಫಲಕ ಬರುವ ಮುನ್ನವೇ ಎದುರುಗೊಳ್ಳುತ್ತದೆ. ಉತ್ತರಕ್ಕೂ ಪಶ್ಚಿಮಕ್ಕೂ ಲಾಸ್ ಏಂಜಲೀಸ್ ನಗರ. ಮಿಕ್ಕ ದಿಕ್ಕುಗಳಲ್ಲಿ ಅದೇ ಮಹಾನಗರದ ಹೊಟ್ಟೆಯೊಳಗೆ ಒತ್ತೊತ್ತಾಗಿ ಕೂತ ಹಂಟಿಂಗ್‌ಟನ್ ಪಾರ್ಕ್, ಮೇವುಡ್, ಬೆಲ್, ಕಾಮರ್ಸ್ ಎಂಬ ಪುಟ್ಟ ಊರುಗಳು. ಪಕ್ಕದ ಮೇವುಡ್‌ನಲ್ಲಿ ಮೂರು ಚದರ ಕಿಲೋಮೀಟರಿನೊಳಗೆ ಸುಮಾರು 25 ಸಾವಿರ ಮಂದಿ ಉಸಿರು ಹಿಡಿದುಕೊಂಡು ಬದುಕುತ್ತಾರೆ. ವರ್ನನ್‌ನ ವಿಸ್ತಾರ ಅದರ ನಾಲ್ಕು ಪಟ್ಟಿಗೂ ಹೆಚ್ಚು, ಹದಿಮೂರೂವರೆ ಚದರ ಕಿಲೋಮೀಟರ್ ಹತ್ತಿರ. 2000ದ ಜನಗಣತಿಯಲ್ಲಿ ಅಲ್ಲಿ ಸಿಕ್ಕ ನಿವಾಸಿಗಳು 91.

ತೊಂಬತ್ತೊಂದು ಸಾವಿರವಲ್ಲ, ಬರೀ ತೊಂಬತ್ತೊಂದು. ಬೆಳಗ್ಗೆ ಒಂಬತ್ತರ ಹೊತ್ತಿಗೆ ಮೆಜೆಸ್ಟಿಕ್ಕಿನಿಂದ ಹೊರಡುವ ಬಿಎಂಟಿಸಿ ಬಸ್ಸೊಂದರ ಕಂಡಕ್ಟರು ಇಷ್ಟು ಜನಕ್ಕೆ ಟಿಕೆಟ್ ಹರಿದು, 'ಮುಂದೆ ಹೋಗ್ರೀ, ಜಾಗ ಐತೆ' ಎಂದು ಇನ್ನೂ ಹತ್ತು ಮಂದಿಯನ್ನು ತುಂಬುತ್ತಾನೆ. ಈ ಬಸ್ಸಿನಷ್ಟು ಜನಕ್ಕೆ ಒಬ್ಬ ಮೇಯರ್, ಐದು ಮಂದಿಯ ಕೌನ್ಸಿಲ್, ಸ್ವಂತ ಪೊಲೀಸ್ ಪಡೆ, 2020ರವರೆಗೆ ಸ್ವಂತ ಅಗ್ನಿಶಾಮಕ ದಳ, ಸ್ವಂತ ವಿದ್ಯುತ್ ಕಂಪನಿ. ಸ್ವಂತ ಆರೋಗ್ಯ ಇಲಾಖೆ ಕೂಡ! ಅಷ್ಟು ದೊಡ್ಡ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಜಿಲ್ಲೆಯಂಥ ಕೌಂಟಿಯನ್ನು ನೆಚ್ಚದೆ ತಮ್ಮದೇ ಆರೋಗ್ಯ ಇಲಾಖೆ ಇಟ್ಟುಕೊಂಡ ನಗರಗಳು ಬೆರಳೆಣಿಕೆಯಷ್ಟು. ಬರ್ಕ್‌ಲಿ, ಪ್ಯಾಸಡೀನಾ, ಲಾಂಗ್ ಬೀಚ್‌ನಂಥ ಘನವಂತರ ಆ ಪಂಕ್ತಿಯಲ್ಲಿ ವರ್ನನ್ ಕೂಡ ಎಲೆ ಹಾಕಿಸಿಕೊಂಡಿದೆ. ಈ ಆರೋಗ್ಯದ ವಿಷಯ ನೆನಪಿನಲ್ಲಿರಲಿ, ಆಮೇಲೆ ಬೇಕಾಗುತ್ತದೆ.

ಹಾಗೆಂದು ವರ್ನನ್ ಹಾಳೂರು ಅಂದುಕೊಳ್ಳಬೇಡಿ. ಹಗಲು ಅಲ್ಲಿ ಸುಮಾರು 1,800 ಉದ್ದಿಮೆಗಳಲ್ಲಿ 50 ಸಾವಿರ ಮಂದಿ ದುಡಿಯುತ್ತಾರೆ ಎಂಬುದು ಆ ಊರೇ ಹೆಮ್ಮೆಯಿಂದ ಹೇಳಿಕೊಂಡು ಬಂದಿರುವ ಲೆಕ್ಕ. ಬಟ್ಟೆ ಹೊಲಿಯುತ್ತಾರೆ, ಮಾಂಸ ಕತ್ತರಿಸುತ್ತಾರೆ, ಲೋಹ ಕರಗಿಸುತ್ತಾರೆ, ಗೋದಾಮು ತುಂಬುತ್ತಾರೆ. ಪಾಳಿ ಮುಗಿದೊಡನೆ ಇಡೀ ಊರು ಖಾಲಿ. ದುಡಿದವರು ಮೇವುಡ್‌ಗೂ ಬೆಲ್‌ಗೂ ಹೋಗಿ ಮಲಗುತ್ತಾರೆ, ಅವರ ವೋಟೂ ಅಲ್ಲೇ ಮಲಗಿರುತ್ತದೆ. ಹಾಳೂರಿಗೆ ಉಳಿದವನೇ ಗೌಡ ಎಂಬ ನಮ್ಮ ಗಾದೆಯನ್ನು ಅಮೆರಿಕದವರು ಕೊಂಚ ತಿದ್ದಿದ್ದಾರೆ. ಊರು ಹಾಳಾಗುವವರೆಗೆ ಗೌಡ ಯಾಕೆ ಕಾಯಬೇಕು? ಊರು ಕಟ್ಟುವಾಗಲೇ ಜನ ಬರದಂತೆ ನೋಡಿಕೊಂಡರಾಯಿತು.

ಹಾಗೆ ನೋಡಿಕೊಂಡವನು ಜಾನ್ ಬ್ಯಾಪ್ಟಿಸ್ಟ್ ಲಿಯೋನಿಸ್. ರೈಲುಹಳಿಗಳು ಹಾದುಹೋಗುವ ಜಮೀನಿನಲ್ಲಿ ಜೋಳ ಬೆಳೆಯುವುದಕ್ಕಿಂತ ಕಾರ್ಖಾನೆ ಬೆಳೆಯುವುದು ಲಾಭ ಎಂದು ಅವನಿಗೆ ಹೊಳೆಯಿತು. ಫರ್ಲಾಂಗ್ ಎಂಬ ಮನೆತನದ ಅಣ್ಣತಮ್ಮಂದಿರಿಬ್ಬರನ್ನು ಜೊತೆಗೆ ಹಾಕಿಕೊಂಡು 1905ರಲ್ಲಿ ಊರನ್ನು ನೋಂದಾಯಿಸಿದ. ಆದರೆ ಕಾರ್ಖಾನೆ ಬರುವುದಕ್ಕೆ ಹೊತ್ತು ಹಿಡಿಯುತ್ತದೆ, ಹೆಂಡಕ್ಕೆ ಅಷ್ಟು ಹೊತ್ತು ಬೇಡ. ಸುತ್ತಲಿನ ಊರುಗಳು ಒಂದೊಂದಾಗಿ ಮದ್ಯ ನಿಷೇಧಿಸುತ್ತಿದ್ದ ಆ ಕಾಲದಲ್ಲಿ ವರ್ನನ್ ಬಾಗಿಲು ತೆರೆದಿಟ್ಟಿತು. ಜಾಕ್ ಡಾಯ್ಲ್ ಎಂಬಾತ ಜಗತ್ತಿನಲ್ಲೇ ಉದ್ದದ್ದು ಎಂದು ಕೊಚ್ಚಿಕೊಳ್ಳುತ್ತಿದ್ದ ನೂರಡಿಯ ಬಾರು ಇಟ್ಟ, ಅದರ ಹಿಂದೆ 37 ಮಂದಿಯನ್ನು ಸುರಿಯುವುದಕ್ಕೆ ನಿಲ್ಲಿಸಿದ. ಪಕ್ಕದಲ್ಲಿ ಬಾಕ್ಸಿಂಗ್ ಅಖಾಡ. ವರ್ನನ್ ಟೈಗರ್ಸ್ ಎಂಬ ಬೇಸ್‌ಬಾಲ್ ತಂಡವೂ ಇತ್ತು. ಮೂಕಿಚಿತ್ರಗಳ ಗುಂಡುಮೈಯ ಹಾಸ್ಯನಟ ಫ್ಯಾಟಿ ಆರ್ಬಕಲ್ 1919ರಲ್ಲಿ ಕೆಲಕಾಲ ಅದರ ಒಡೆಯನಾಗಿದ್ದ. 1920ರಲ್ಲಿ ದೇಶವಿಡೀ ಪಾನನಿಷೇಧ ಬಂದು ಹೆಂಡದ ಹೊಳೆ ಬತ್ತಿತು. ಆ ಹೊತ್ತಿಗೆ ದನ-ಹಂದಿಗಳ ದೊಡ್ಡಿಗಳೂ ಮಾಂಸದ ಕಾರ್ಖಾನೆಗಳೂ ಬಂದು ಹೊಸ ಹೊಳೆಗಳು ಹರಿಯತೊಡಗಿದ್ದವು. ಬಣ್ಣ ಮಾತ್ರ ಬೇರೆ.

ನಗರದ ಮುದ್ರೆಯ ಮೇಲೆ ಒಂದು ಘೋಷವಾಕ್ಯ ಕೆತ್ತಿದರು. ಕನ್ನಡದಲ್ಲಿ ಹೇಳುವುದಾದರೆ 'ಕೈಗಾರಿಕೆಗೆ ಮಾತ್ರ'. ಬೇರೆ ಊರಿನವರು ಮುದ್ರೆಯ ಮೇಲೆ ಸತ್ಯ, ಧರ್ಮ, ಪ್ರಗತಿ ಎಂದೆಲ್ಲ ಬರೆದುಕೊಂಡು ನಡೆಸುವ ವ್ಯವಹಾರವನ್ನು ಇವರು ಮುಚ್ಚುಮರೆಯಿಲ್ಲದೆ ಬರೆದುಕೊಂಡು ನಡೆಸಿದರು. ಪ್ರಾಮಾಣಿಕತೆಯ ವಿಷಯದಲ್ಲಿ ಆ ಊರಿನಿಂದ ಬಂದ ಮೊದಲ ಕೊಡುಗೆ ಅದು. ಎರಡನೆಯದನ್ನು ಹುಡುಕಿದೆ, ಸಿಗಲಿಲ್ಲ.

ಅದೇ ಮಹಾನಗರದ ಪೂರ್ವದ ಅಂಚಿನಲ್ಲಿ ವರ್ನನ್‌ಗೊಬ್ಬ ದಾಯಾದಿ ಇದ್ದಾನೆ. ಅವನ ಹೆಸರೇ ಸಿಟಿ ಆಫ್ ಇಂಡಸ್ಟ್ರಿ. 1957ರಲ್ಲಿ ಅದನ್ನು ನಗರವೆಂದು ನೋಂದಾಯಿಸಹೊರಟಾಗ ಕಾನೂನು ಅಡ್ಡ ಬಂತು: ಕನಿಷ್ಠ 500 ನಿವಾಸಿಗಳು ಬೇಕು. ರೈಲುಹಳಿ ಇತ್ತು, ಗೋದಾಮು ಇತ್ತು, ಜನ ಮಾತ್ರ ಸಾಲದು. ಊರ ಹಿರಿಯರು ತಲೆ ಓಡಿಸಿದರು. ಅಲ್ಲೇ ಇದ್ದ ಮಾನಸಿಕ ರೋಗಿಗಳ ಆಸ್ಪತ್ರೆಯ 169 ರೋಗಿಗಳನ್ನೂ 31 ಸಿಬ್ಬಂದಿಯನ್ನೂ ಲೆಕ್ಕಕ್ಕೆ ಹಿಡಿದು ಐನೂರರ ಗಡಿ ದಾಟಿಸಿದರು. ಊರು ಸ್ಥಾಪನೆಯಾಯಿತು. ಅದನ್ನು ಕಟ್ಟಿದ ಹಿರಿಯ ಜೇಮ್ಸ್ ಸ್ಟಾಫರ್ಡ್ 1980ರ ದಶಕದಲ್ಲಿ ಲಂಚದ ಮೊಕದ್ದಮೆಯಲ್ಲಿ ಜೈಲಿಗೆ ಹೋದ. ಆಸ್ಪತ್ರೆಯಲ್ಲಿದ್ದವರ ಮೇಲೆ ಅಂಥ ಆಪಾದನೆ ಯಾವುದೂ ಬರಲಿಲ್ಲ.

ವರ್ನನ್‌ಗೆ ಬರೋಣ. ಜನವೇ ಬೇಡವೆಂದರೂ ಕಾಗದದ ಮೇಲೆ ಕೌನ್ಸಿಲ್ ಆರಿಸುವುದಕ್ಕೆ ಒಂದಷ್ಟು ಮತದಾರರು ಬೇಕೇ ಬೇಕು. ಅದಕ್ಕೆ ಕಂಡುಕೊಂಡ ಉಪಾಯ ನಮ್ಮ ರೆಸಾರ್ಟ್ ರಾಜಕಾರಣಕ್ಕಿಂತ ಅಗ್ಗದ್ದು, ಬಾಳಿಕೆಯದ್ದು. ಊರಲ್ಲಿದ್ದ ಬೆರಳೆಣಿಕೆಯ ಮನೆಗಳಲ್ಲಿ ಬಹುತೇಕ ನಗರಸಭೆಯ ಸ್ವತ್ತು. ಅವುಗಳಲ್ಲಿ ನಗರಸಭೆಯ ನೌಕರರು, ಪೊಲೀಸರು, ಅವರ ಬಂಧುಬಳಗ. ಬಾಡಿಗೆಯೋ, ಮಹಾನಗರದಲ್ಲಿ ಯಾರಾದರೂ ಕೇಳಿದರೆ ತಮಾಷೆ ಎಂದುಕೊಳ್ಳಬೇಕು, ಅಷ್ಟು ಕಡಿಮೆ. ಅಂದರೆ ಕೌನ್ಸಿಲರನ್ನು ಆರಿಸುವವನು ಮತದಾರ. ಆ ಮತದಾರನಿಗೆ ಸಂಬಳ ಕೊಡುವುದು ನಗರಸಭೆ, ಮನೆ ಕೊಟ್ಟಿರುವುದೂ ನಗರಸಭೆ, ಮನೆ ಬಿಡಿಸಬಲ್ಲದ್ದೂ ನಗರಸಭೆ. ನಮ್ಮಲ್ಲಿ ರಾಜಕಾರಣಿ ಮತದಾರನ ಮನೆ ಬಾಗಿಲಿಗೆ ಹೋಗಿ ಕೈಮುಗಿಯುತ್ತಾನೆ. ಅಲ್ಲಿ ಬಾಗಿಲೇ ರಾಜಕಾರಣಿಯದು. ಇಂಥ ಕಡೆ ಸ್ಪರ್ಧೆ ಯಾಕಾದರೂ ಹುಟ್ಟೀತು? 2006ಕ್ಕೆ ಮುಂಚೆ ಸುಮಾರು ಕಾಲು ಶತಮಾನ ವರ್ನನ್‌ನಲ್ಲಿ ಕುರ್ಚಿಗಾಗಿ ಪೈಪೋಟಿಯ ಚುನಾವಣೆಯೇ ನಡೆದಿರಲಿಲ್ಲ. ಎಲ್ಲರೂ ಅವಿರೋಧ. ಅವಿರೋಧ ಆಯ್ಕೆ ಮಾಡಿದ ಪಂಚಾಯಿತಿಗೆ ಬಹುಮಾನ ಕೊಡುವ ಪದ್ಧತಿ ಅಲ್ಲಿದ್ದಿದ್ದರೆ ಆ ಬಹುಮಾನದಲ್ಲೇ ಇನ್ನೊಂದು ಕಾರ್ಖಾನೆ ಎದ್ದಿರುತ್ತಿತ್ತು.

2006ರ ಜನವರಿಯಲ್ಲಿ ಒಂದು ಅನಾಹುತವಾಯಿತು. ಎಲ್ಲಿಂದಲೋ ಎಂಟು ಮಂದಿ ಬಂದು ಒಂದು ಕಟ್ಟಡದಲ್ಲಿ ವಾಸಕ್ಕೆ ನಿಂತರು, ಮತದಾರರ ಪಟ್ಟಿಗೆ ಹೆಸರು ಸೇರಿಸಿದರು. ಅವರಲ್ಲಿ ಮೂವರು ಕೌನ್ಸಿಲ್ ಚುನಾವಣೆಗೆ ನಾಮಪತ್ರವನ್ನೂ ಹಾಕಿಬಿಟ್ಟರು. ಎಂಟು ಮಂದಿ ಎಂದರೆ ನಮಗೆ ಒಂದು ಮನೆ. ವರ್ನನ್‌ಗೆ ಅದು ದಂಡಯಾತ್ರೆ. ಆಡಳಿತದ ಯಂತ್ರ ಯಾವ ವೇಗದಲ್ಲಿ ಕೆಲಸ ಮಾಡಬಲ್ಲದು ಎಂಬುದನ್ನು ಲೋಕ ಅಂದು ಕಂಡಿತು. ದಿನಗಳಲ್ಲೇ ಕಟ್ಟಡದ ವಿದ್ಯುತ್ ಹೋಯಿತು, ವಾಸಕ್ಕೆ ಯೋಗ್ಯವಲ್ಲ ಎಂಬ ಚೀಟಿ ಬಾಗಿಲಿಗೆ ಬಿತ್ತು, ಬಂದವರನ್ನು ಹೊರಗೆ ಹಾಕಿದರು, ಪಟ್ಟಿಯಿಂದ ಹೆಸರು ಕಿತ್ತರು, ಬೆನ್ನಿಗೆ ಖಾಸಗಿ ಪತ್ತೇದಾರರನ್ನು ಬಿಟ್ಟರು. ಒಂದು ಜನನ ಪ್ರಮಾಣಪತ್ರಕ್ಕೆ ಮೂರು ಸಲ ಅಲೆದವರು ಈ ಸಾಲುಗಳನ್ನು ಓದಿ ಹೊಟ್ಟೆ ಉರಿಸಿಕೊಂಡರೆ ಆಶ್ಚರ್ಯವಿಲ್ಲ.

ಬಂದವರೂ ಹರಿಶ್ಚಂದ್ರನ ವಂಶದವರಲ್ಲ ಎಂಬುದು ನಗರಸಭೆಯ ವಾದವಾಗಿತ್ತು. ಪಕ್ಕದ ಊರಿನಲ್ಲಿ ಭ್ರಷ್ಟಾಚಾರಕ್ಕೆ ಸಿಕ್ಕಿಬಿದ್ದ ರಾಜಕಾರಣಿಯೊಬ್ಬ ಕಳಿಸಿದ ಬಂಟರು ಇವರು, ಊರಿನ ಖಜಾನೆಯ ಮೇಲೆ ಕಣ್ಣಿಟ್ಟು ಬಂದಿದ್ದಾರೆ ಎಂದು ಅದು ಕೋರ್ಟಿಗೆ ಹೇಳಿತು. ಇರಬಹುದು. ಖಜಾನೆಯ ಮೇಲೆ ಆಗಲೇ ಕಣ್ಣಿಟ್ಟು ಕೂತವರಿಗೆ ಹೊಸ ಕಣ್ಣುಗಳು ಬೇಗ ಗೊತ್ತಾಗುತ್ತವೆ. ಕೋರ್ಟು ಮಾತ್ರ ಚುನಾವಣೆ ನಡೆಸಿ ಎಂದಿತು. ಏಪ್ರಿಲ್‌ನಲ್ಲಿ ವೋಟು ಬಿತ್ತು. ಬಿದ್ದ ವೋಟನ್ನು ಎಣಿಸಲಿಲ್ಲ! ಪೆಟ್ಟಿಗೆಗೆ ಬೀಗ ಜಡಿದು ತಿಂಗಳುಗಟ್ಟಲೆ ಇಟ್ಟುಕೊಂಡು ಕೂತರು. ಕೈಬೆರಳು ಕಾಲ್ಬೆರಳು ಸೇರಿಸಿ ಅರ್ಧ ಗಂಟೆಯಲ್ಲಿ ಎಣಿಸಬಹುದಾದ ವೋಟುಗಳು ಅವು. ಚುನಾವಣೆಯ ಉಸ್ತುವಾರಿ ಹೊತ್ತ ನಗರಸಭಾ ಕಾರ್ಯದರ್ಶಿ ಯಾರು ಅಂದಿರಾ? ಊರಿನ ಆಡಳಿತಾಧಿಕಾರಿಯಾಗಿದ್ದವರ ಮಗ. ಕಡೆಗೆ ನ್ಯಾಯಾಧೀಶರೇ ಆಜ್ಞೆ ಮಾಡಿ ಅಕ್ಟೋಬರ್‌ನಲ್ಲಿ ಎಣಿಸಿದಾಗ ಹಳಬರೇ ಭಾರೀ ಅಂತರದಿಂದ ಗೆದ್ದಿದ್ದರು. ನೌಕರ-ಬಾಡಿಗೆದಾರ-ಮತದಾರ ಎಂಬ ತ್ರಿಮೂರ್ತಿಯನ್ನು ನಂಬಿದವರಿಗೆ ಸೋಲಿಲ್ಲ. ಅಷ್ಟಿದ್ದೂ ಯಾಕೆ ಅಷ್ಟೊಂದು ಹೆದರಿದರೋ, ಅವರ ಒಳಗುಟ್ಟು ಅವರಿಗೇ ಗೊತ್ತು.

ಒಳಗುಟ್ಟು ಬಹಳ ದಿನ ಒಳಗಿರಲಿಲ್ಲ. ಮೇಯರ್ ಲಿಯೋನಿಸ್ ಮಾಲ್‌ಬರ್ಗ್ ಊರು ಕಟ್ಟಿದ ಲಿಯೋನಿಸ್‌ನ ಮೊಮ್ಮಗ. 1956ರಿಂದ ಕೌನ್ಸಿಲರು, 1974ರಿಂದ ಮೇಯರು. ಊರಿನ ದೊಡ್ಡ ರಸ್ತೆಯೊಂದಕ್ಕೆ ತಾತನ ಹೆಸರು, ವಿದ್ಯುತ್ ಸ್ಥಾವರಕ್ಕೆ ಮೊಮ್ಮಗನ ಹೆಸರು. ಅರ್ಧ ಶತಮಾನ ವರ್ನನ್‌ಗಾಗಿ ಜೀವ ತೇಯ್ದ ಈ ಮಹನೀಯರ ಮೇಲೆ 2006ರ ಕೊನೆಯಲ್ಲಿ ಆರೋಪಪಟ್ಟಿ ಬಂತು: ಇವರು ವರ್ನನ್‌ನಲ್ಲಿ ವಾಸವೇ ಇಲ್ಲ. ವಾಸವಿದ್ದದ್ದು ಲಾಸ್ ಏಂಜಲೀಸಿನ ಹ್ಯಾನ್‌ಕಾಕ್ ಪಾರ್ಕ್ ಎಂಬ ಸಿರಿವಂತರ ಬಡಾವಣೆಯ ಭವ್ಯ ಬಂಗಲೆಯಲ್ಲಿ, ಮರಗಳ ನೆರಳಲ್ಲಿ, ಕಸಾಯಿಖಾನೆಯ ಗಾಳಿ ಮುಟ್ಟದ ದೂರದಲ್ಲಿ. ವರ್ನನ್‌ನ ವಿಳಾಸ ವೋಟಿನ ಪಟ್ಟಿಗಷ್ಟೇ. 2009ರ ಡಿಸೆಂಬರಿನಲ್ಲಿ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದಿತು. ಜೈಲಾಗಲಿಲ್ಲ, ಐದು ಲಕ್ಷ ಡಾಲರಿಗೂ ಮಿಕ್ಕಿದ ದಂಡ-ಪರಿಹಾರ ತೆತ್ತರು, ಮುಂದೆ ಯಾವ ಸಾರ್ವಜನಿಕ ಹುದ್ದೆಯನ್ನೂ ಹಿಡಿಯಬಾರದೆಂದಾಯಿತು. ಬೇರೆ ಊರಿನಿಂದ ಬಂದು ವೋಟಿನ ಪಟ್ಟಿಗೆ ಸೇರಿಕೊಂಡರು ಎಂದು ಎಂಟು ಮಂದಿಯ ಕರೆಂಟು ಕಿತ್ತ ಊರಿನ ಮೇಯರ್ ಬೇರೆ ಊರಿನವರಾಗಿದ್ದರು, ಅಷ್ಟೇ ವಿಷಯ.

ನನಗೆ ಇದರಲ್ಲಿ ಮೇಯರರ ಬಗ್ಗೆ ಕೋಪವಿಲ್ಲ. ತಾನು ಕಟ್ಟಿ ಆಳಿದ ಊರಿನಲ್ಲಿ ಮನುಷ್ಯಮಾತ್ರದವರು ವಾಸ ಮಾಡಲಾರರು ಎಂಬ ಸತ್ಯವನ್ನು ಆ ಮನೆತನದಷ್ಟು ಚೆನ್ನಾಗಿ ಅರಿತವರು ಯಾರಿದ್ದರು?

ಈಗ ಆಡಳಿತಾಧಿಕಾರಿ ಬ್ರೂಸ್ ಮಾಲ್ಕನ್‌ಹಾರ್ಸ್ಟ್ ಅವರ ಸಂಗತಿ. ಅವರೊಬ್ಬರೇ ಊರಿನ ಹಲವಾರು ಹುದ್ದೆಗಳನ್ನು ಏಕಕಾಲಕ್ಕೆ ಹೊತ್ತಿದ್ದರು. ದಶಾವತಾರ ಎತ್ತಿದ ವಿಷ್ಣು ಕೂಡ ಒಂದು ಅವತಾರ ಮುಗಿಸಿ ಇನ್ನೊಂದಕ್ಕೆ ಹೋದ. ಇವರು ಎಲ್ಲವನ್ನೂ ಒಟ್ಟಿಗೇ ಧರಿಸಿ ಪ್ರತಿಯೊಂದನ್ನೂ ಸಂಬಳಕ್ಕೆ ಸೇರಿಸಿಕೊಂಡರು. ನಿವೃತ್ತರಾದ ಮೇಲೆ ವರ್ಷಕ್ಕೆ ಐದು ಲಕ್ಷ ಡಾಲರಿಗೂ ಹೆಚ್ಚು ಪಿಂಚಣಿ. ಕ್ಯಾಲಿಫೋರ್ನಿಯಾದ ಸರ್ಕಾರಿ ನೌಕರರ ಪಿಂಚಣಿ ನಿಧಿಯಲ್ಲಿ ಅಷ್ಟು ಪಡೆಯುವವರು ಇನ್ನೊಬ್ಬರಿರಲಿಲ್ಲ. ಗಾಲ್ಫ್ ಆಟಕ್ಕೂ ಮಸಾಜಿಗೂ ನಗರಸಭೆಯ ದುಡ್ಡು ಬಳಸಿದ್ದನ್ನು 2011ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡರು. ಒಬ್ಬ ಮನುಷ್ಯ ಅಷ್ಟೊಂದು ಹುದ್ದೆ ಹೊತ್ತರೆ ಬೆನ್ನು ನೋಯುವುದಿಲ್ಲವೆ, ಮಸಾಜು ಬೇಡವೆ ಎಂದು ಯಾವ ವಕೀಲನೂ ವಾದಿಸಿದಂತೆ ಕಾಣೆ. ಆಮೇಲೆ ನಿಧಿಯವರು ಪಿಂಚಣಿಯನ್ನು 1 ಲಕ್ಷ 15 ಸಾವಿರ ಡಾಲರಿನ ಆಸುಪಾಸಿಗೆ ಇಳಿಸಿದರು. ಅದು ಅನ್ಯಾಯವೆಂದು ಅವರು ಕೋರ್ಟಿಗೆ ಹೋದರು. ಅವರ ನಂತರ ಬಂದ ಎರಿಕ್ ಫ್ರೆಶ್ ಆಡಳಿತವನ್ನೂ ವಕೀಲಿಕೆಯನ್ನೂ ನೋಡಿಕೊಂಡು 2008ರ ಒಂದೇ ವರ್ಷದಲ್ಲಿ 16 ಲಕ್ಷ 50 ಸಾವಿರ ಡಾಲರ್ ಪಡೆದರು. ಅಂದಿನ ಅಮೆರಿಕ ಅಧ್ಯಕ್ಷರ ಸಂಬಳ ವರ್ಷಕ್ಕೆ 4 ಲಕ್ಷ ಡಾಲರ್. ಅಧ್ಯಕ್ಷರು ನೋಡಿಕೊಳ್ಳುತ್ತಿದ್ದದ್ದು 30 ಕೋಟಿ ಜನರನ್ನು, ಒಂದಷ್ಟು ಯುದ್ಧಗಳನ್ನು. ತಲೆಗೆ ಇಷ್ಟೆಂದು ಲೆಕ್ಕ ಹಾಕಿದರೆ ಶ್ವೇತಭವನದಲ್ಲಿ ಜೀತ ನಡೆಯುತ್ತಿತ್ತು ಎನ್ನಬೇಕಾಗುತ್ತದೆ.

ಪಕ್ಕದ ಬೆಲ್ ಎಂಬ ಬಡವರ ಊರಿನಲ್ಲಿ ಆಡಳಿತಾಧಿಕಾರಿ ಎಂಟು ಲಕ್ಷ ಡಾಲರಿನ ಹತ್ತಿರ ಸಂಬಳ ಎಣಿಸುತ್ತಿದ್ದ ಸುದ್ದಿ 2010ರಲ್ಲಿ ಹೊರಬಿದ್ದಾಗ ಅಲ್ಲಿಯ ಜನ ನಗರಸಭೆಗೆ ನುಗ್ಗಿ ಕೂಗಾಡಿದರು, ಮರುವರ್ಷ ಕೌನ್ಸಿಲನ್ನೇ ಕಿತ್ತು ಹಾಕಿದರು. ವರ್ನನ್‌ನಲ್ಲಿ ಕೂಗಾಡುವವರು ಯಾರು? ಕೂಗಬೇಕಾದವನ ಮನೆಗೆ ಮರುದಿನ ಬರುವುದು ಬಾಡಿಗೆ ಚೀಟಿ. ಬೆಲ್ ಹಗರಣ ಎಬ್ಬಿಸಿದ ಧೂಳಿನಲ್ಲಿ ರಾಜ್ಯದವರ ಕಣ್ಣು ವರ್ನನ್ ಕಡೆ ತಿರುಗಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕಲೆ ನಮ್ಮ ವಿಧಾನಸೌಧಕ್ಕೆ ಮಾತ್ರ ಒಲಿದದ್ದಲ್ಲ.

ರಾಜ್ಯದ ಕೆಳಮನೆಯ ಸ್ಪೀಕರ್ ಜಾನ್ ಪೆರೆಜ್ 2011ರಲ್ಲಿ ಒಂದು ಮಸೂದೆ ತಂದರು: ವರ್ನನ್ ಎಂಬ ನಗರವನ್ನೇ ರದ್ದು ಮಾಡಿ. ಕೆಳಮನೆಯಲ್ಲಿ ಭಾರೀ ಬಹುಮತದಿಂದ ಪಾಸಾಯಿತು. ಆಗ ಶುರುವಾಯಿತು ನೋಡಿ ವರ್ನನ್ ಉಳಿಸಿ ಚಳವಳಿ. ನಿವಾಸಿಗಳಿಲ್ಲದ ಊರಿಗೆ ಹೋರಾಟಗಾರರ ಕೊರತೆ ಬರಲಿಲ್ಲ. ಕಾರ್ಖಾನೆ ಮಾಲೀಕರು ಬಂದರು, ಕಾರ್ಮಿಕ ಸಂಘಗಳವರು ಬಂದರು. ಸಂಬಳದ ಮಾತುಕತೆಗೆ ಒಂದೇ ಮೇಜಿಗೆ ಕೂರಲು ಒಪ್ಪದ ಇವರಿಬ್ಬರೂ ಊರು ಉಳಿಸಲು ಒಂದೇ ಸಾಲಿನಲ್ಲಿ ನಿಂತರು. ಲಾಬಿಗಾರರಿಗೂ ವಕೀಲರಿಗೂ ನಗರಸಭೆಯ ಹಣ ಧಾರಾಳವಾಗಿ ಹರಿಯಿತು. ಕಾರ್ಮಿಕರ ಹೆದರಿಕೆಯನ್ನು ನಾನು ನಗೆಯಾಡಲಾರೆ. ವಿದ್ಯುತ್ ಅಗ್ಗ, ಪರವಾನಗಿ ಬೇಗ, ತಂಟೆತಕರಾರಿಲ್ಲ ಎಂದು ಅಲ್ಲಿಗೆ ಬಂದ ಕಾರ್ಖಾನೆ, ಊರು ಲಾಸ್ ಏಂಜಲೀಸ್ ಕೌಂಟಿಯ ಪಾಲಾದರೆ ಗಂಟುಮೂಟೆ ಕಟ್ಟೀತು ಎಂಬುದು ಹೊಟ್ಟೆಯ ಪ್ರಶ್ನೆ. ಆ ಹೆದರಿಕೆಯನ್ನೇ ಗುರಾಣಿ ಮಾಡಿಕೊಂಡು ಹಿಂದೆ ನಿಂತವರು ಯಾರೆಂಬುದೂ ಕಾಣುತ್ತಿತ್ತು. ಆಗಸ್ಟ್‌ನಲ್ಲಿ ಮೇಲ್ಮನೆಯಲ್ಲಿ ಮಸೂದೆ ಬಿತ್ತು. ಬದಲಿಗೆ ಊರು ಸುಧಾರಣೆಯ ಪಟ್ಟಿಯೊಂದಕ್ಕೆ ತಲೆಯಾಡಿಸಿತು. ನೆರೆಹೊರೆಯ ಊರುಗಳ ಪಾರ್ಕು-ಗೀರ್ಕುಗಳಿಗೆ ಹತ್ತು ವರ್ಷದಲ್ಲಿ 6 ಕೋಟಿ ಡಾಲರ್ ಕೊಡುತ್ತೇನೆಂದಿತು. ಹೊಸ ಮತದಾರರನ್ನು ತರುತ್ತೇನೆಂದಿತು.

ತಂದಿತು ಕೂಡ. 2015ರಲ್ಲಿ 45 ಮನೆಗಳ ಒಂದು ವಸತಿ ಸಮುಚ್ಚಯ ಎದ್ದಿತು. 2010ರಲ್ಲಿ 112 ಇದ್ದ ಜನಸಂಖ್ಯೆ 2020ಕ್ಕೆ 222 ಆಯಿತು. ಹತ್ತೇ ವರ್ಷದಲ್ಲಿ ಊರು ದುಪ್ಪಟ್ಟಾಗಿ ಬೆಳೆಯಿತು ಎಂದು ಯಾವ ಯೋಜನಾ ವರದಿಯಲ್ಲಾದರೂ ಧೈರ್ಯವಾಗಿ ಬರೆಯಬಹುದು. ಅದೇ 2015ರಲ್ಲಿ 'ಟ್ರೂ ಡಿಟೆಕ್ಟಿವ್' ಎಂಬ ಟಿವಿ ಧಾರಾವಾಹಿ ವರ್ನನ್ ಮಾದರಿಯಲ್ಲೇ 'ವಿಂಚಿ' ಎಂಬ ಕೇಡಿ ಊರನ್ನು ಕಟ್ಟಿ ಕಥೆ ಹೇಳಿತು. ಕೆಲವು ವಿಮರ್ಶಕರಿಗೆ ಕಥೆ ನಂಬುವಂತಿಲ್ಲ ಅನ್ನಿಸಿತಂತೆ.

ಇಲ್ಲಿಗೆ ಓದುಗರು, 'ಅಯ್ಯೋ ಅಮೆರಿಕದವರ ಹುಚ್ಚು, ನಮಗೇನು' ಎಂದು ಹಾಳೆ ತಿರುವಬಹುದು. ಸ್ವಲ್ಪ ತಾಳಿ. 1992ರ 74ನೇ ತಿದ್ದುಪಡಿಯಲ್ಲಿ ನಮ್ಮ ಸಂವಿಧಾನಕ್ಕೆ ಪುರಸಭೆಗಳ ಭಾಗ ಸೇರಿತಲ್ಲ, ಜನರ ಕೈಗೆ ಅಧಿಕಾರ ಎಂದು ಡಂಗುರ ಸಾರಿದ್ದು, ಅದರಲ್ಲೇ 243ಕ್ಯೂ ವಿಧಿಯ ಬಾಲದಲ್ಲಿ ಒಂದು ಪುಟ್ಟ ಷರಾ ಇದೆ. ಕೈಗಾರಿಕಾ ಸಂಸ್ಥೆಯೇ ಊರಿನ ಸೌಕರ್ಯ ನೋಡಿಕೊಳ್ಳುತ್ತಿದ್ದರೆ ರಾಜ್ಯಪಾಲರು ಅದನ್ನು ಕೈಗಾರಿಕಾ ನಗರಿ ಎಂದು ಸಾರಬಹುದು, ಆಗ ಅಲ್ಲಿ ಚುನಾಯಿತ ಪುರಸಭೆ ಬೇಕಿಲ್ಲ. ಲಿಯೋನಿಸ್ ತಾತ 1905ರಲ್ಲಿ ಪಾಡುಪಟ್ಟು ಕಟ್ಟಿದ್ದನ್ನು ನಮ್ಮವರು ಒಂದು ವಾಕ್ಯದಲ್ಲಿ ಮುಗಿಸಿದ್ದಾರೆ. ವೋಟಿನ ಪೆಟ್ಟಿಗೆಗೆ ಬೀಗ ಹಾಕುವ ಶ್ರಮ ಕೂಡ ಇಲ್ಲ, ಪೆಟ್ಟಿಗೆಯೇ ಇಲ್ಲವಲ್ಲ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲದ ಮೇಲೆ 1970ರ ದಶಕದ ಕೊನೆಯಲ್ಲಿ ಎದ್ದ ಎಲೆಕ್ಟ್ರಾನಿಕ್ ಸಿಟಿಗೆ 2013ರಲ್ಲಿ ಇಂಥದೇ ಪ್ರಾಧಿಕಾರ ಬಂತು. ಅಂದಿನಿಂದ ಅಲ್ಲಿಯ ಆಸ್ತಿ ತೆರಿಗೆಯನ್ನು ಅದೇ ವಸೂಲು ಮಾಡುತ್ತದೆ, ರಸ್ತೆ-ದೀಪ ಅದೇ ನೋಡುತ್ತದೆ. ಚೆನ್ನಾಗಿಯೇ ನೋಡುತ್ತದೆ ಎಂದು ಅಲ್ಲಿಗೆ ಹೋಗಿಬಂದವರು ಹೊಗಳುತ್ತಾರೆ. ಮಹಾನಗರ ಪಾಲಿಕೆಯ ಗುಂಡಿಗಳನ್ನು ಹಾರಿ ಹಾರಿ ಸೊಂಟ ಕಳೆದುಕೊಂಡವರಿಗೆ ವೋಟಿಲ್ಲದ ಒಳ್ಳೆಯ ರಸ್ತೆ, ವೋಟಿರುವ ಗುಂಡಿಗಿಂತ ಇಷ್ಟವಾಗುವುದು ಸಹಜ. ಎಲೆಕ್ಟ್ರಾನಿಕ್ ಸಿಟಿಯನ್ನು ವರ್ನನ್ ಎನ್ನುತ್ತಿಲ್ಲ, ಅಷ್ಟು ದೂರದ ಮಾತು ನನಗೆ ಬೇಡ. ವೋಟಿಲ್ಲದ ರಸ್ತೆ ಕೆಟ್ಟ ದಿನ ಅಲ್ಲಿಯ ಬಾಡಿಗೆ ಮನೆಯವನು ಯಾರ ಮನೆ ಬಾಗಿಲು ತಟ್ಟಬೇಕು ಎಂದು ಕೇಳುತ್ತಿದ್ದೇನೆ, ಅಷ್ಟೇ.

ವರ್ನನ್‌ನ ಗೋಡೆಗಳ ಬಗ್ಗೆ ಹೇಳದೆ ಹೋದರೆ ತಪ್ಪಾದೀತು. ಫಾರ್ಮರ್ ಜಾನ್ ಎಂಬ ಹಂದಿ ಕಸಾಯಿಖಾನೆಯ ಗೋಡೆಯುದ್ದಕ್ಕೂ ಒಂದು ಚಿತ್ರವಿತ್ತು. ನೀಲಿ ಆಕಾಶ, ಹಸಿರು ಹುಲ್ಲುಗಾವಲು, ಕುಣಿದಾಡುವ ಹಂದಿಮರಿಗಳು, ಅವನ್ನು ಪ್ರೀತಿಯಿಂದ ನೋಡುವ ರೈತ. ಗೋಡೆಯ ಆಚೆ ದಿನಕ್ಕೆ ಸಾವಿರಾರು ಹಂದಿಗಳು ಕೊನೆಯುಸಿರೆಳೆಯುತ್ತಿದ್ದವು. ಸಿನಿಮಾ ಸೆಟ್ಟುಗಳಿಗೆ ಬಣ್ಣ ಬಳಿಯುತ್ತಿದ್ದ ಲೆಸ್ ಗ್ರೈಮ್ಸ್ ಎಂಬ ಕಲಾವಿದ 1957ರಲ್ಲಿ ಅದನ್ನು ಬರೆಯತೊಡಗಿದ. 1968ರಲ್ಲಿ ಅದೇ ಗೋಡೆಯ ಅಟ್ಟಣಿಗೆಯಿಂದ ಬಿದ್ದು ಸತ್ತ. ಸ್ವರ್ಗವನ್ನು ಹೊರಗೆ ಬಳಿದು ನರಕವನ್ನು ಒಳಗೆ ನಡೆಸುವ ಈ ವಿದ್ಯೆಗೆ ನಮ್ಮಲ್ಲಿ ಹೂಡಿಕೆದಾರರ ಸಮಾವೇಶ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಖರ್ಚು ಹೆಚ್ಚಾಯಿತೆಂದು ಕಂಪನಿ 2023ರಲ್ಲಿ ಆ ಕಾರ್ಖಾನೆ ಮುಚ್ಚಿತು. ಊರಿಗೆ ನಿಷ್ಠೆ ತೋರಿಸಲು ಕಂಪನಿಗೂ ವೋಟಿರಲಿಲ್ಲವಲ್ಲ.

ಇನ್ನು ಆ ಆರೋಗ್ಯದ ವಿಷಯ. ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವ ಕಾರ್ಖಾನೆಯೊಂದು 1920ರ ದಶಕದಿಂದ ವರ್ನನ್‌ನಲ್ಲಿತ್ತು. 2000ದಲ್ಲಿ ಅದು ಎಕ್ಸೈಡ್ ಕಂಪನಿಯ ಕೈಗೆ ಬಂತು. ಅಪಾಯಕಾರಿ ತ್ಯಾಜ್ಯದ ಈ ಘಟಕ ಪೂರ್ಣ ಪರವಾನಗಿಯಿಲ್ಲದೆ, ತಾತ್ಕಾಲಿಕ ಚೀಟಿಯ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಚೀಟಿ ಕೊಟ್ಟದ್ದು ರಾಜ್ಯದ ಇಲಾಖೆ. ವರ್ನನ್ ಒಬ್ಬನ ಮೇಲೆ ಹೊರೆ ಹಾಕಿದರೆ ತಪ್ಪು. ನಮ್ಮಲ್ಲಿ ಅಕ್ರಮ-ಸಕ್ರಮಕ್ಕೆ ಅರ್ಜಿ ಹಾಕಿ ಕೂತವರು ಈ ಮೂವತ್ತು ವರ್ಷದ ದಾಖಲೆಗೆ ಕೈಮುಗಿಯಬೇಕು. 2013ರಲ್ಲಿ ವಾಯುಮಾಲಿನ್ಯ ಅಧಿಕಾರಿಗಳು ಅಳೆದು ನೋಡಿದಾಗ ಅದು ಉಗುಳುವ ಆರ್ಸೆನಿಕ್‌ನಿಂದ ಸುಮಾರು 1 ಲಕ್ಷ 10 ಸಾವಿರ ಜನರಿಗೆ ಕ್ಯಾನ್ಸರಿನ ಅಪಾಯ ಹೆಚ್ಚಿದೆ ಎಂದು ತಿಳಿಯಿತು. ನೂರು ಚಿಲ್ಲರೆ ನಿವಾಸಿಗಳ ಊರಿನ ಒಂದು ಕಾರ್ಖಾನೆ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಲುಪಿತ್ತು. ಯಾವ ನಗರಸಭೆಯ ಯಾವ ಯೋಜನೆ ಅಷ್ಟು ಫಲಾನುಭವಿಗಳನ್ನು ಮುಟ್ಟಿದೆ ಹೇಳಿ?

2015ರ ಮಾರ್ಚ್‌ನಲ್ಲಿ ಕಂಪನಿ ಕೇಂದ್ರ ಸರ್ಕಾರದ ವಕೀಲರೊಂದಿಗೆ ಒಪ್ಪಂದ ಮಾಡಿಕೊಂಡಿತು: ವರ್ಷಾನುಗಟ್ಟಲೆ ಅಪರಾಧ ಎಸಗಿದ್ದು ಹೌದು, ಕಾರ್ಖಾನೆ ಮುಚ್ಚುತ್ತೇವೆ, ಕ್ರಿಮಿನಲ್ ಮೊಕದ್ದಮೆ ಬೇಡ. ಒಬ್ಬರೂ ಜೈಲಿಗೆ ಹೋಗಲಿಲ್ಲ. ಸೀಸ ಮಾತ್ರ ಹೋಗಿತ್ತು, ಕಾರ್ಖಾನೆಯ ಸುತ್ತ ಎರಡೂಮುಕ್ಕಾಲು ಕಿಲೋಮೀಟರಿನವರೆಗೆ, ಬಾಯ್ಲ್ ಹೈಟ್ಸ್, ಪೂರ್ವ ಲಾಸ್ ಏಂಜಲೀಸ್, ಮೇವುಡ್, ಹಂಟಿಂಗ್‌ಟನ್ ಪಾರ್ಕ್‌ಗಳ ಸಾವಿರಾರು ಮನೆಗಳ ಅಂಗಳಕ್ಕೆ, ಮಕ್ಕಳು ಆಡುವ ಮಣ್ಣಿಗೆ. ಅಲ್ಲಿರುವವರು ಬಹುಪಾಲು ಮೆಕ್ಸಿಕೊ ಮೂಲದ ದುಡಿಯುವ ಜನ. ಅವರಲ್ಲಿ ಎಷ್ಟೋ ಮಂದಿ ಹಗಲು ವರ್ನನ್‌ನಲ್ಲೇ ದುಡಿಯುವವರು. ಎಕ್ಸೈಡ್ ದಿವಾಳಿ ಎದ್ದಿತು. 2020ರ ಅಕ್ಟೋಬರ್‌ನಲ್ಲಿ ದಿವಾಳಿ ನ್ಯಾಯಾಲಯ, ಕಾರ್ಖಾನೆಯ ಜಾಗವನ್ನು ಇದ್ದಂತೆಯೇ ಬಿಟ್ಟು ಹೋಗಲು ಅದಕ್ಕೆ ಅನುಮತಿ ಕೊಟ್ಟಿತು.

ಆ ಅಂಗಳಗಳ ಮಣ್ಣು ಅಗೆದು ಬದಲಿಸಲು ಕ್ಯಾಲಿಫೋರ್ನಿಯಾ ಸರ್ಕಾರ 2016ರಲ್ಲಿ 17 ಕೋಟಿ 66 ಲಕ್ಷ ಡಾಲರ್ ಎತ್ತಿಟ್ಟಿತು. ಅದು ಸಾಲದೆ ಮತ್ತೆ ಮತ್ತೆ ಕೊಟ್ಟಿತು. ಆ ದುಡ್ಡು ವರ್ನನ್‌ನಲ್ಲಿ ಎಂದೂ ವೋಟು ಹಾಕದ ತೆರಿಗೆದಾರರದು.